ಶನಿವಾರದ ಉಪ್ಪಿಟ್ಟು

ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆದ ವಾರ ಅದು. ರಾತ್ರಿ ಒಂಬತ್ತೂಕಾಲಕ್ಕೆ ನಮ್ಮ ವಿಭಾಗದ ಟ್ರೇನಿ ಒಬ್ಬಳ ವಾಟ್ಸ್ಆ್ಯಪ್ ಬಂತು: ‘ಮೇಡಂ, ಶನಿವಾರ ನನಗೆ ರಜೆ. ಅಮ್ಮನ ಹತ್ರ ನಾನಿರ್ತೀನಿ. ಡ್ರಾಪ್ಸ್ ಹಾಕೋಕೆ ಬರುತ್ತೆ ನನಗೆ.’ ಅವಳು ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಮಾಡುತ್ತಿದ್ದಳು. ಎರಡು ವರ್ಷದ ಕೋರ್ಸು, ನಾನು ಅವಳ ಸೂಪರ್‌ವೈಸರ್. ಅಮ್ಮನ ಆಪರೇಷನ್ ವಿಷಯ ಅವಳಿಗೆ ಯಾರು ಹೇಳಿದರೋ. ವಾರ್ಡಿನ ಸಿಸ್ಟರುಗಳಿಗೆ ತಿಳಿದದ್ದು ಕ್ಯಾಂಟೀನು ಮುಟ್ಟಲು ಎಷ್ಟು ಹೊತ್ತು?

ಆ ಶನಿವಾರ ನನಗೆ ನಿಜಕ್ಕೂ ಒಬ್ಬರು ಬೇಕಿತ್ತು. ತಂಗಿ ಶಿವಮೊಗ್ಗದಿಂದ ಬರುವುದು ಭಾನುವಾರ. ಅರ್ಧ ಗಂಟೆ ಫೋನು ಹಿಡಿದು ಕೂತೆ. ಬರೆದೆ, ಅಳಿಸಿದೆ, ಕೊನೆಗೆ ‘ಬೇಡ, ಥ್ಯಾಂಕ್ಸ್’ ಎಂದು ಕಳಿಸಿದೆ. ಮರುದಿನ ಕಾರಿಡಾರಿನಲ್ಲಿ ಎದುರಾದಾಗ ಅವಳ ‘ಗುಡ್ ಮಾರ್ನಿಂಗ್ ಮೇಡಂ’ ತಣ್ಣಗಿತ್ತು. ಅಷ್ಟು ಮೊಟಕಾಗಿ ಬರೆಯಬೇಕಿರಲಿಲ್ಲ ಅನ್ನಿಸಿತು.

(ಅವಳ ತರಬೇತಿ ಮುಗಿದು ಕೆಲವು ವರ್ಷಗಳೇ ಆದವು. ಕೇಳಿ, ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ‘ಬರೀರಿ ಮೇಡಂ, ಆದ್ರೆ ಡ್ರಾಪ್ಸ್ ವಿಷಯ ಬಿಡ್ಬೇಡಿ’ ಎಂದಳು.)

ಬೇಡ ಎಂದದ್ದು ಅವಳಿಗಲ್ಲ. ಇಪ್ಪತ್ತು ವರ್ಷ ಹಳೆಯ ಬೇರೆ ಶನಿವಾರಗಳಿಗೆ.

ನಾನು ಕಲಿತ ಆಸ್ಪತ್ರೆಯ ಹೆಸರೂ ನನ್ನ ಸರ್ ಹೆಸರೂ ಇಲ್ಲಿ ಬೇಡ. ಸರ್ ಬಹಳ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಕಥೆಗಳಲ್ಲಿ ಓದುವವರು ಕೆಟ್ಟವನೊಬ್ಬ ಬರಲಿ ಎಂದು ಕಾಯುತ್ತಾರೆ. ಅವರ ಮಗಳು ಆಗ ಎಸ್ಸೆಸ್ಸೆಲ್ಸಿ. ‘ಒಂದೆರಡು ವಾರ ಲೆಕ್ಕ ಹೇಳಿಕೊಡ್ತೀರಾ?’ ಎಂದು ಕೇಳಿದರು. ಒಂದೆರಡು ವಾರ ಹೋಗಿ ಇಡೀ ವರ್ಷವಾಯಿತು. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಅವರ ಮನೆ. ಹೋದ ಕೂಡಲೇ ಅವರ ಮನೆಯವರು ಬಿಸಿ ಉಪ್ಪಿಟ್ಟು, ಕಾಫಿ ತಂದಿಡುತ್ತಿದ್ದರು. ಗೋಡಂಬಿ ಎಲ್ಲ ನನ್ನ ತಟ್ಟೆಗೇ ಬೀಳುತ್ತಿತ್ತು. ಪಿ.ಜಿ.ಯಲ್ಲಿ ಅನ್ನ, ನೀರಿನಂಥ ಸಾರು ತಿಂದು ಸಾಕಾಗಿದ್ದ ಹುಡುಗಿಗೆ ಇದಕ್ಕಿಂತ ಏನು ಬೇಕು?

ಮೊದಲ ತಿಂಗಳು ಸರ್ ‘ನೀವು ಈ ಕೇಸ್ ತಗೊಳ್ಳಿ’ ಎನ್ನುತ್ತಿದ್ದರು. ಮೂರನೆಯ ಶನಿವಾರ ಕಳೆದ ಮೇಲಿನ ಸೋಮವಾರ, ನನಗೆ ದಿನ ಸಹಿತ ನೆನಪಿದೆ, ‘ನೀನು ತಗೊಳಮ್ಮ’ ಎಂದರು. ನಮ್ಮ ವಿಭಾಗದಲ್ಲಿ ಚರ್ಚೆಯೆಲ್ಲ ಇಂಗ್ಲಿಷಿನಲ್ಲಿ. ಆ ಭಾಷೆಯಲ್ಲಿ ನೀನೂ ಒಂದೇ, ನೀವೂ ಒಂದೇ. ಸಂಬಂಧ ಯಾವತ್ತು ಮಗ್ಗುಲು ಬದಲಿಸಿತು ಎಂದು ಅಲ್ಲಿ ತಿಳಿಯುವುದಿಲ್ಲ. ಕನ್ನಡದಲ್ಲಿ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತೋರಿಸಬಹುದು. ನನಗಾಗ ಕುಣಿಯುವಷ್ಟು ಖುಷಿಯಾಗಿತ್ತು. ಬ್ಯಾಚಿನಲ್ಲಿ ಆರು ಜನ ಇದ್ದೆವು. ಉಳಿದ ಐವರು ‘ನೀವು’ಗಳಾಗಿಯೇ ಉಳಿದಿದ್ದರು. ಅವರು ಚಹಾಕ್ಕೆ ಹೋಗುವಾಗ ನನ್ನನ್ನು ಕರೆಯುವುದು ಕಡಿಮೆಯಾದದ್ದು ಗಮನಕ್ಕೆ ಬಂದದ್ದು ಬಹಳ ತಡವಾಗಿ.

ಆ ಫೆಬ್ರವರಿಯ ಒಂದು ಬುಧವಾರ ಓಪಿಡಿಗೆ ಹಳ್ಳಿಯಿಂದ ಒಬ್ಬ ಹೆಂಗಸು ಬಂದರು, ನನಗಿಂತ ಎರಡೋ ಮೂರೋ ವರ್ಷ ದೊಡ್ಡವರು. ಜೊತೆಗೆ ಅತ್ತೆ. ತಲೆನೋವು, ನಿದ್ದೆಯಿಲ್ಲ, ‘ಎದೆಯೊಳಗೆ ಯಾರೋ ಒನಕೆಯಲ್ಲಿ ಕುಟ್ಟಿದಂಗಾಗುತ್ತೆ’. ಹೇಳಿದ್ದೆಲ್ಲ ಅತ್ತೆ, ಆಕೆ ಸೆರಗಿನ ತುದಿ ಸುತ್ತುತ್ತ ಕೂತಿದ್ದರು. ಇಂಥ ಹೊತ್ತಿನಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಸಾಯಬೇಕು ಅಂತ ಅನ್ಸುತ್ತಾ? ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬುದು ಜನರ ಭಯ. ಹಾಗಾಗುವುದಿಲ್ಲ, ಕೇಳಿದರೆ ಬಹಳ ಜನಕ್ಕೆ ಹಗುರವಾಗುತ್ತದೆ ಎಂದು ಮೊದಲ ವಾರವೇ ಕಲಿಸಿರುತ್ತಾರೆ. ಆದರೆ ಅದನ್ನು ಕೇಳಲು ಅತ್ತೆಯನ್ನು ಹೊರಗೆ ಕಳಿಸಬೇಕು. ‘ಅಮ್ಮಾ, ನೀವು ಸ್ವಲ್ಪ ಹೊರಗಿರಿ’ ಎನ್ನಲು ಇಪ್ಪತ್ತಮೂರರ ನನಗೆ ಬಾಯಿ ಬರಲಿಲ್ಲ. ಹಿಂದೆ ಸಾಲು ಬೇರೆ ಬೆಳೆಯುತ್ತಿತ್ತು. ಪ್ರಶ್ನೆ ಕೇಳಲಿಲ್ಲ. ಫೈಲಿನ ಆ ಕಾಲಮ್ಮಿನಲ್ಲಿ ‘ಕೇಳಿಲ್ಲ’ ಎಂದು ಬರೆಯುವ ಬದಲು ‘ಇಲ್ಲ’ ಎಂದು ಬರೆದೆ.

ರಾತ್ರಿ ಮಲಗಿದಾಗ ಹೊಳೆಯಿತು, ಬರೆದದ್ದು ಏನು ಅಂತ. ಶನಿವಾರ ಸರ್‌ಗೆ ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡು ಹೋದೆ. ಅವರ ಮನೆಗೆ ನೆಂಟರು ಬಂದಿದ್ದರು. ‘ಇವಳೇ ನೋಡಿ, ನಮ್ಮ ಡಿಪಾರ್ಟ್‌ಮೆಂಟಿನ ಹುಡುಗಿ. ಇವಳ ಕೇಸ್ ಫೈಲು ನೋಡಿ ಕಲೀಬೇಕು ಉಳಿದವರು’ ಎಂದು ಸರ್ ಪರಿಚಯಿಸಿದರು. ನಾನು ಉಪ್ಪಿಟ್ಟು ತಿಂದೆ. ಲೆಕ್ಕ ಹೇಳಿಕೊಟ್ಟೆ. ಬಂದೆ.

ಮುಂದಿನ ವಾರ ಫಾಲೋಅಪ್‌ಗೆ ಬಂದ ಆಕೆಯನ್ನು ನಲ್ಲಿಯ ಹತ್ತಿರ ಒಬ್ಬರೇ ಸಿಕ್ಕಾಗ ಹಿರಿಯ ಸಿಸ್ಟರ್ ಒಬ್ಬರು ಮಾತಾಡಿಸಿದರಂತೆ. ಎಲ್ಲ ಹೊರಬಂತು. ಬಾವಿಯ ತನಕ ಹೋಗಿ ವಾಪಸು ಬಂದದ್ದೂ ಸೇರಿ. ಅವತ್ತೇ ಅಡ್ಮಿಟ್ ಮಾಡಿಕೊಂಡರು, ಆಕೆ ಉಳಿದರು. ಸಂಜೆ ಆ ಸಿಸ್ಟರ್ ನನ್ನ ಹತ್ತಿರ ಬಂದು, ‘ಫೈಲಲ್ಲಿ ಇಲ್ಲ ಅಂತ ಬರ್ದಿದೀಯಲ್ಲಮ್ಮ’ ಎಂದಷ್ಟೇ ಹೇಳಿದರು. ಇನ್ನು ಯಾರಿಗೂ ಹೇಳಲಿಲ್ಲ. ಅದು ಕರುಣೆಯೋ ತಪ್ಪೋ ಎಂದು ಈಗಲೂ ನನಗೆ ತೀರ್ಮಾನಿಸಲು ಆಗಿಲ್ಲ.

ಸರ್ ಸಿಡುಕಿನವರಾಗಿದ್ದರೆ ಬೈಸಿಕೊಂಡಾದರೂ ಹೇಳಿಬಿಡುತ್ತಿದ್ದೆನೇನೋ. ಬೈಗುಳಕ್ಕೆ ಹೆದರುವವರು ಒಂದಲ್ಲ ಒಂದು ದಿನ ಬಾಯಿಬಿಡುತ್ತಾರೆ. ತನ್ನನ್ನು ಮೆಚ್ಚಿಕೊಂಡವರ ಮುಖ ಸಣ್ಣಗಾಗುವುದನ್ನು ನೋಡಲಾರದವರು ಬಾಯಿಬಿಡುವುದಿಲ್ಲ. ಟ್ರೇನಿ ಮತ್ತು ಸೂಪರ್‌ವೈಸರ್ ನಡುವಿನ ಗಡಿ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ನೋಡುವುದು ಇದೊಂದನ್ನೇ: ಇವತ್ತು ನಡೆದದ್ದರಿಂದ ನಾಳೆ ಅವಳು ನನ್ನೆದುರು ತಪ್ಪು ಹೇಳುವುದು ಸುಲಭವಾಯಿತೋ ಕಷ್ಟವಾಯಿತೋ? ಒಟ್ಟಿಗೆ ಕಾಫಿ ಕುಡಿದರೆ ಗಡಿ ಮುರಿಯುವುದಿಲ್ಲ. ಮೇಜಿನ ಆಚೆಗೆ ಬಿಗಿದುಕೊಂಡು ಕೂತರೆ ಗಡಿ ಉಳಿಯುವುದೂ ಇಲ್ಲ.

ಸೂಪರ್‌ವಿಷನ್ ಎಂಬುದಕ್ಕೆ ‘ಮೇಲ್ವಿಚಾರಣೆ’ ಎಂದರೆ ನನಗೆ ರಸ್ತೆ ಕಾಮಗಾರಿಯ ಪಕ್ಕ ಕೊಡೆ ಹಿಡಿದು ನಿಂತವರ ನೆನಪಾಗುತ್ತದೆ. ಇದು ಅದಲ್ಲ. ವಾರಕ್ಕೊಮ್ಮೆ ಬಾಗಿಲು ಹಾಕಿ ಕೂತು, ರೋಗಿ ಏನಂದರು, ನೀನು ಏನಂದೆ, ಯಾಕೆ ಹಾಗಂದೆ, ಆಗ ನಿನಗೆ ಏನಾಗುತ್ತಿತ್ತು ಎಂದು ಬಿಡಿಸಿ ನೋಡುವ ಕೆಲಸ. ಟ್ರೇನಿ ‘ಆ್ಯಂಗ್ಸೈಟಿ’ ಎಂದು ಬರೆದುಕೊಂಡು ಬಂದಿದ್ದರೆ, ‘ಅವರು ಕನ್ನಡದಲ್ಲಿ ಏನಂದರು, ಅದನ್ನ ಹೇಳು’ ಎಂದು ಕೇಳಬೇಕು. ಎದೆಯೊಳಗಿನ ಒನಕೆ ಆಗ ಮಾತ್ರ ಮೇಜಿನ ಮೇಲೆ ಬರುತ್ತದೆ.

ತೊಡಕು ಇರುವುದು ಇದರ ಕಟ್ಟಡದಲ್ಲೇ. ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ 1992ರದ್ದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಲು ಆ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಬೇಕು, ಹೆಸರು ಬರಲು ಕೋರ್ಸು ಮುಗಿಯಬೇಕು, ಕೋರ್ಸು ಮುಗಿಯಲು ಲಾಗ್‌ಬುಕ್ಕಿಗೆ, ಕೇಸ್ ರೆಕಾರ್ಡಿಗೆ, ಪ್ರಬಂಧಕ್ಕೆ ಸಹಿ ಬೀಳಬೇಕು. ತಪ್ಪು ಒಪ್ಪಿಕೊಳ್ಳಬೇಕಾದದ್ದು ಯಾರೆದುರೋ, ಸಹಿಗೆ ಕೈ ಚಾಚಬೇಕಾದದ್ದೂ ಅವರೆದುರೇ. ಲೈಸೆನ್ಸ್ ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರಿಗೆ, ‘ಸಾರ್, ನನಗೆ ರಿವರ್ಸ್ ತೆಗೆಯೋಕೆ ಭಯ’ ಎಂದು ಯಾರಾದರೂ ಹೇಳುತ್ತಾರೆಯೇ?

ನಮ್ಮ ರಾಜ್ಯದಲ್ಲಿ ಈ ವಿದ್ಯೆ ಹೊಸದಲ್ಲ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುಮಾಡಿದ್ದು 1924ರಲ್ಲಿ. ಮೈಸೂರಿನ ಆಕಾಶವಾಣಿಯ ಹಿಂದೆ ಇದ್ದವರೂ ಅವರೇ. ಇಂದು ನಿಮ್ಹಾನ್ಸ್ ಆಗಿರುವ ಬೆಂಗಳೂರಿನ ಸಂಸ್ಥೆಯಲ್ಲಿ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ತರಬೇತಿ 1955ರಷ್ಟು ಹಿಂದೆಯೇ ಆರಂಭವಾಗಿತ್ತು. ಎಪ್ಪತ್ತು ವರ್ಷಗಳಿಂದ ಈ ಊರಿನಲ್ಲಿ ಟ್ರೇನಿಗಳು ಸೂಪರ್‌ವೈಸರುಗಳ ಬಾಗಿಲಲ್ಲಿ ಫೈಲು ಹಿಡಿದು ನಿಂತಿದ್ದಾರೆ ಎಂದಾಯಿತು.

ಈ ವಿದ್ಯೆಯ ಮೂಲಪುರುಷರೂ ಈ ಗಡಿಯ ವಿಷಯದಲ್ಲಿ ಎಡವಿದವರೇ. 1909ರ ಆಗಸ್ಟಿನಲ್ಲಿ ಫ್ರಾಯ್ಡ್, ಯೂಂಗ್, ಫೆರೆಂಜಿ ಮೂವರೂ ಹಡಗಿನಲ್ಲಿ ಅಮೆರಿಕಕ್ಕೆ ಹೊರಟರು. ಹೊತ್ತು ಕಳೆಯಲು ಒಬ್ಬರ ಕನಸನ್ನು ಇನ್ನೊಬ್ಬರು ಬಿಡಿಸುತ್ತಿದ್ದರು. ಫ್ರಾಯ್ಡ್ ಹೇಳಿದ ಒಂದು ಕನಸಿಗೆ ಯೂಂಗ್ ಖಾಸಗಿ ಬದುಕಿನ ಕೆಲವು ವಿವರ ಕೇಳಿದರಂತೆ. ಹೇಳಿದರೆ ತನ್ನ ಅಧಿಕಾರಕ್ಕೆ ಕುಂದು ಎಂದು ಫ್ರಾಯ್ಡ್ ಹಿಂಜರಿದರಂತೆ. ಅವರ ಅಧಿಕಾರ ತನ್ನ ಪಾಲಿಗೆ ಕರಗಿದ್ದು ಆ ಕ್ಷಣದಲ್ಲೇ ಎಂದು ಯೂಂಗ್ ಮುಪ್ಪಿನಲ್ಲಿ ನೆನೆಯುತ್ತಾರೆ. ಇದು ಮುನಿದ ಶಿಷ್ಯ ಹೇಳಿದ ಕಥೆ, ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಅದೇ ಫ್ರಾಯ್ಡ್ 1918ರಲ್ಲಿ ಸ್ವಂತ ಮಗಳು ಆ್ಯನಾಳ ಮನೋವಿಶ್ಲೇಷಣೆಗೆ ತಾವೇ ಕೂತರು. ಅಪ್ಪನೂ ಅವರೇ, ಗುರುವೂ ಅವರೇ, ಚಿಕಿತ್ಸಕರೂ ಅವರೇ. ಇವತ್ತು ಯಾವ ಟ್ರೇನಿಯಾದರೂ ಹೀಗೆ ಮಾಡಿದರೆ ಮರುದಿನ ವಿಭಾಗದ ಮುಖ್ಯಸ್ಥರ ಮುಂದೆ ನಿಲ್ಲಬೇಕಾದೀತು.

1920ರಲ್ಲಿ ಬರ್ಲಿನ್ನಿನಲ್ಲಿ ಮನೋವಿಶ್ಲೇಷಕ ಮ್ಯಾಕ್ಸ್ ಐಟಿಂಗೋನ್ ಮೊದಲಾದವರು ಬಡವರಿಗೂ ತೆರೆದ ಚಿಕಿತ್ಸಾಲಯ ತೆಗೆದಾಗ ತರಬೇತಿಗೆ ಒಂದು ಚೌಕಟ್ಟು ಬಂತು. ಕಲಿಯುವವರ ಸ್ವಂತ ಮನಸ್ಸನ್ನು ನೋಡುವವರು ಒಬ್ಬರು, ಅವರ ರೋಗಿಯ ಕೇಸನ್ನು ನೋಡುವವರು ಇನ್ನೊಬ್ಬರು ಎಂಬುದು ಅಲ್ಲಿಯವರ ನಿಲುವು. ಬುಡಾಪೆಸ್ಟ್‌ನ ಮನೋವಿಶ್ಲೇಷಕರು ಒಪ್ಪಲಿಲ್ಲ: ಒಳಗಿನದನ್ನು ಬಲ್ಲವರೇ ಮೊದಲ ಕೇಸನ್ನೂ ನೋಡಲಿ, ರೋಗಿಯೆದುರು ಟ್ರೇನಿಗೆ ಆಗುವುದು ಅವರಿಗಲ್ಲದೆ ಇನ್ಯಾರಿಗೆ ತಿಳಿಯುತ್ತದೆ ಎಂದರು. ಆ ಜಗಳದಲ್ಲಿ ಬರ್ಲಿನ್ ಗೆದ್ದಿತು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ನೀತಿಸಂಹಿತೆಯಲ್ಲಿ, ವಿದ್ಯಾರ್ಥಿಗೆ ಥೆರಪಿ ಕಡ್ಡಾಯವಾಗಿರುವ ಕಡೆ ಅಂಕ ಕೊಡುವವರೇ ಥೆರಪಿ ಕೊಡಕೂಡದು ಎಂದಿದೆ. ಆದರೂ ಬುಡಾಪೆಸ್ಟ್‌ನವರ ಪ್ರಶ್ನೆಯಲ್ಲಿ ಹುರುಳಿತ್ತು ಎಂದು ನನಗೆ ಪ್ರತಿ ಬ್ಯಾಚಿನಲ್ಲೂ ಒಂದೆರಡು ಸಲ ಅನ್ನಿಸುತ್ತದೆ.

ಯಾಕೆಂದರೆ ಸೂಪರ್‌ವಿಷನ್ ಕೋಣೆಯಲ್ಲಿ ಟ್ರೇನಿಗಳು ಅಳುತ್ತಾರೆ. ಕುಡುಕ ಗಂಡನ ಕೇಸ್ ಹೇಳುತ್ತ ಹೇಳುತ್ತ ದನಿ ನಿಲ್ಲುತ್ತದೆ. ‘ನಮ್ಮಪ್ಪನೂ...’ ಎನ್ನುತ್ತಾರೆ. ಆಗ ಏನು ಮಾಡಬೇಕು? ಬಾಚಿ ತಬ್ಬಿಕೊಂಡು ಅವರ ಅಪ್ಪನ ಕಥೆ ಪೂರ್ತಿ ಕೇಳುವುದು ಸುಲಭ, ಅದೇ ನಮ್ಮ ಕಸುಬು. ಕೇಳಿದಿರೆಂದು ಇಟ್ಟುಕೊಳ್ಳಿ. ಮುಂದಿನ ತಿಂಗಳು ಇಂಟರ್ನಲ್ ಮಾರ್ಕ್ಸ್ ಹಾಕುವಾಗ ಪೆನ್ನಿನ ತುದಿಯಲ್ಲಿ ಆ ಅಪ್ಪ ಬಂದು ಕೂರುತ್ತಾನೆ. ಅವಳಿಗೂ ಅದು ಗೊತ್ತು. ಕೇಳಲೇ ಇಲ್ಲವೆಂದರೆ ರೋಗಿಯ ಮುಂದೆ ಅವಳು ಮತ್ತೆ ಅಲ್ಲೇ ಮುಗ್ಗರಿಸುತ್ತಾಳೆ. ನಾನು ಮಾಡುವುದು ಇಷ್ಟು: ನೀರು ಕೊಡುತ್ತೇನೆ, ಕಾಯುತ್ತೇನೆ. ‘ಆ ಹೆಂಗಸಿನ ಎದುರು ಕೂತಾಗ ಅಪ್ಪನ ನೆನಪು ಬಂದು ನೀನು ಏನು ಕೇಳದೆ ಬಿಟ್ಟೆ?’ ಎನ್ನುತ್ತೇನೆ. ಅಷ್ಟು ನಮ್ಮಿಬ್ಬರ ಕೆಲಸ. ಮಿಕ್ಕದ್ದಕ್ಕೆ ಒಳ್ಳೆಯ ಕುರ್ಚಿ ಬೇರೆಡೆ ಇದೆ ಎಂದು ನಮ್ಮ ವಿಭಾಗಕ್ಕೆ ಸಂಬಂಧವಿಲ್ಲದ ಥೆರಪಿಸ್ಟರ ಹೆಸರು ಒಂದೆರಡು ಬರೆದುಕೊಡುತ್ತೇನೆ. ಸ್ಟೈಪೆಂಡಿನಲ್ಲಿ ಅವರ ಫೀಸು ಕೊಡಲು ಆಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಸ್ಟೈಪೆಂಡೇ ಇಲ್ಲದ ಕಾಲೇಜುಗಳ ಮಕ್ಕಳಿಗೆ ಈ ಸಲಹೆ ಬರೀ ಚೀಟಿ.

ಇನ್ನೊಂದು ವಿಚಿತ್ರ ನಡೆಯುತ್ತದೆ. ಅಮೆರಿಕದ ಮನೋವೈದ್ಯ ಹೆರಾಲ್ಡ್ ಸರ್ಲ್ಸ್ 1955ರಲ್ಲಿ ಇದನ್ನು ಬರೆದಿಟ್ಟರು: ರೋಗಿ ಮತ್ತು ಚಿಕಿತ್ಸಕರ ನಡುವೆ ನಡೆಯುತ್ತಿರುವುದು ಗೊತ್ತಿಲ್ಲದೆಯೇ ಚಿಕಿತ್ಸಕರು ಮತ್ತು ಸೂಪರ್‌ವೈಸರ್ ನಡುವೆಯೂ ನಡೆಯತೊಡಗುತ್ತದೆ. ಓದಿದಾಗ ನಂಬಿರಲಿಲ್ಲ. ಆಮೇಲೆ ಎಷ್ಟೋ ಸಲ ಕಂಡಿದ್ದೇನೆ. ಎಲ್ಲದಕ್ಕೂ ‘ಹೂಂ ಹೂಂ’ ಎನ್ನುವ ಸೊಸೆಯ ಕೇಸ್ ಹಿಡಿದ ಹುಡುಗ ನನ್ನೆದುರು ಎರಡು ತಿಂಗಳು ಬರೀ ‘ಎಸ್ ಮೇಡಂ’ ಎಂದ. ನಾನು ಅವನೆದುರು ಜೋರು ಬಾಯಿಯ ಅತ್ತೆಯಾಗಿಬಿಟ್ಟಿದ್ದೆ. ನನ್ನ ಹಳೆಯ ಕೇಸನ್ನು ಈ ಕನ್ನಡಕದಲ್ಲಿ ನೋಡಿದರೆ ಮೈ ಜುಂ ಎನ್ನುತ್ತದೆ: ಅತ್ತೆಯ ಎದುರು ಸೊಸೆ ಬಾಯಿಬಿಡಲಿಲ್ಲ, ಸರ್ ಎದುರು ನಾನು ಬಿಡಲಿಲ್ಲ.

ನಮ್ಮಲ್ಲಿ ದೂರ ಕಾಯ್ದುಕೊಳ್ಳುವ ಪಾಶ್ಚಾತ್ಯ ರೀತಿ ನಡೆಯದು ಎನ್ನುವವರಿದ್ದಾರೆ. ಪಂಜಾಬಿ ಕವಿಯೂ ಮನೋವೈದ್ಯರೂ ಆಗಿದ್ದ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ, ಭಾರತದ ಮನೋಚಿಕಿತ್ಸೆಗೆ ಗುರು-ಚೇಲಾ ಸಂಬಂಧವೇ ಮಾದರಿಯಾಗಬಹುದೇ ಎಂದು ಕೇಳಿದರು. ಅವರು ಹೇಳಿದ್ದು ರೋಗಿ ಮತ್ತು ಚಿಕಿತ್ಸಕರ ವಿಷಯ. ಅದನ್ನು ತರಬೇತಿಗೂ ಎಳೆದುಕೊಂಡವರು ನಾವು. ಆತ್ಮೀಯತೆ ಬೇಕು ಎಂಬುದನ್ನು ಒಪ್ಪುತ್ತೇನೆ. ಗುರು ಎಂದ ಕೂಡಲೇ ಹಿಂದೆಯೇ ಬರುವ ದಕ್ಷಿಣೆಯ ಲೆಕ್ಕವನ್ನು ಒಪ್ಪುವುದಿಲ್ಲ. (ಏಕಲವ್ಯನ ಹೆಬ್ಬೆರಳನ್ನು ಇಲ್ಲಿ ತರುವುದಿಲ್ಲ. ಪಾಪ, ಅದು ಸಾಕಷ್ಟು ದುಡಿದಿದೆ.) ಇಂದಿನ ದಕ್ಷಿಣೆಗೆ ಬೆರಳು ಕತ್ತರಿಸಬೇಕಿಲ್ಲ, ಬೆರಳಲ್ಲಿ ಟೈಪ್ ಮಾಡಿದರೆ ಸಾಕು: ಸೆಮಿನಾರಿಗೆ ಪಿಪಿಟಿ, ಸರ್ ಹೆಸರು ಮೊದಲು ಬರುವ ಪೇಪರು, ಮೇಡಂ ಮಗನ ಸ್ಕೂಲ್ ಪ್ರಾಜೆಕ್ಟು, ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ಬಿದ್ದ ಮೆಸೇಜಿಗೆ ಹನ್ನೊಂದೂ ಒಂದಕ್ಕೆ ‘ನೋಟೆಡ್ ಸರ್’. ಒಂದೊಂದೂ ಸಣ್ಣದು. ಸಣ್ಣದಕ್ಕೆ ‘ಆಗಲ್ಲ’ ಎನ್ನುವುದೇ ಕಷ್ಟ.

ದೊಡ್ಡದರ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಯೋಚಿಸುವುದಕ್ಕೇನೂ ಇಲ್ಲ. ಸೂಪರ್‌ವೈಸರ್ ಕೈ ಎಲ್ಲೆಲ್ಲೋ ತಾಗುತ್ತಿದೆ, ಮೆಸೇಜಿನ ಧಾಟಿ ಸರಿಯಿಲ್ಲ ಎಂದಾದರೆ ಅದು ಸಂಬಂಧದ ಸೂಕ್ಷ್ಮವಲ್ಲ, ಕಾನೂನಿನ ವಿಷಯ. ‘ನಾವು ನೌಕರರಲ್ಲವಲ್ಲ’ ಎಂದು ಟ್ರೇನಿಗಳು ಸುಮ್ಮನಾಗುತ್ತಾರೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ 2013ರ ಕಾಯ್ದೆ ಉದ್ಯೋಗಿ ಎಂಬುದರಲ್ಲಿ ಟ್ರೇನಿಯನ್ನೂ ಅಪ್ರೆಂಟಿಸನ್ನೂ ಹೆಸರಿಸಿಯೇ ಸೇರಿಸಿದೆ. ದೂರು ಕೊಡಬೇಕಾದದ್ದು ಆಂತರಿಕ ಸಮಿತಿಗೆ, ಮೂರು ತಿಂಗಳೊಳಗೆ. ತಡವಾದದ್ದಕ್ಕೆ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು.

ಮತ್ತೆ ಆ ಹುಡುಗಿಗೆ ಬರುತ್ತೇನೆ. ‘ಬೇಡ, ಥ್ಯಾಂಕ್ಸ್’ ಆದ ಮೇಲೆ ಎರಡು ತಿಂಗಳು ಅವಳ ಫೈಲುಗಳಲ್ಲಿ ಒಂದೇ ಒಂದು ತಪ್ಪಿಲ್ಲ. ಪ್ರತಿ ಮಂಗಳವಾರ ಹತ್ತೂವರೆಗೆ ಬರುವಳು, ಇಸ್ತ್ರಿ ಮಾಡಿದಂಥ ರಿಪೋರ್ಟು ಓದುವಳು, ಹೋಗುವಳು. ಎಂಟು ಸೆಷನ್, ಎಂಟೂ ಚೊಕ್ಕ. ತಪ್ಪೇ ಇಲ್ಲದ ಥೆರಪಿ ಸೆಷನ್ ಅನ್ನು ನಾನು ಈ ಜನ್ಮದಲ್ಲಿ ಮಾಡಿಲ್ಲ, ಕಂಡೂ ಇಲ್ಲ. ಸರ್ ಉಪ್ಪಿಟ್ಟು ಕೊಟ್ಟು ಮುಚ್ಚಿಸಿದ್ದ ಬಾಯನ್ನು ನಾನು ಬಾಗಿಲು ಹಾಕಿ ಮುಚ್ಚಿಸಿದ್ದೆ.

ಒಂಬತ್ತನೆಯ ಮಂಗಳವಾರ ಫೈಲು ಪಕ್ಕಕ್ಕಿಟ್ಟು ನನ್ನ ಆ ಫೆಬ್ರವರಿಯ ಕಥೆ ಹೇಳಿದೆ. ಪೂರ್ತಿ ಹೇಳಲಿಲ್ಲ. ಹೇಳಿದರೆ ಅವಳು ನನ್ನನ್ನು ಸಮಾಧಾನಪಡಿಸುವ ಹೊಣೆ ಹೊರಬೇಕಾಗುತ್ತದೆ, ಹೇಳದಿದ್ದರೆ ನಾನೂ ಹಡಗಿನ ಫ್ರಾಯ್ಡ್. ಎಷ್ಟು ಹೇಳಬೇಕೆಂದು ಹಿಂದಿನ ರಾತ್ರಿ ಅಳೆದು ಸುರಿದು ಇಟ್ಟುಕೊಂಡಿದ್ದೆ. ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದದ್ದನ್ನು ಹೇಳಿದೆ. ಬಾವಿಯದನ್ನು ಹೇಳಲಿಲ್ಲ.

ಅವಳು ಕೇಳಿದ್ದು ಒಂದೇ: ‘ಆಮೇಲೆ ಸರ್‌ಗೆ ಹೇಳಿದ್ರಾ ಮೇಡಂ?’

‘ಇಲ್ಲ.’

‘ಇದ್ದಾರಾ ಅವರು?’

‘ಇದ್ದಾರೆ. ರಿಟೈರ್ ಆಗಿ ಮೈಸೂರಲ್ಲಿದ್ದಾರೆ. ದೀಪಾವಳಿಗೆ ಫೋನ್ ಮಾಡ್ತೀನಿ.’

ಅವಳಿಗೆ ನಗು ಬಂತು, ತಡೆದುಕೊಂಡಳು. ಆಮೇಲೆ ಬ್ಯಾಗಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು, ‘ಮೂರನೇ ಸೆಷನ್ನಿಂದು ಒಂದಿದೆ ಮೇಡಂ, ಫೈಲಲ್ಲಿ ಹಾಕಿಲ್ಲ’ ಎಂದಳು. ಅವತ್ತು ಹನ್ನೊಂದೂವರೆಯ ಮೀಟಿಂಗಿಗೆ ನನಗೆ ಹೋಗಲಾಗಲಿಲ್ಲ.

ಈ ಸಲದ ದೀಪಾವಳಿಗೂ ಸರ್‌ಗೆ ಫೋನ್ ಮಾಡಿದೆ. ಕಿವಿ ಸ್ವಲ್ಪ ಮಂದವಾಗಿದೆ, ದನಿ ಹಾಗೇ ಇದೆ. ಮಗಳು ಲೆಕ್ಕದ ಮೇಷ್ಟ್ರಾಗಿದ್ದಾಳಂತೆ. ‘ನಿನ್ನ ಕೆಲಸ ಹೇಗೆ ನಡೀತಿದೆಯಮ್ಮ?’ ಎಂದರು. ‘ಎಲ್ಲ ಚೆನ್ನಾಗಿದೆ ಸರ್’ ಎಂದೆ.